ಬರೆಯಲು ಮೂವತ್ತು, ಅಳಿಸಲು ಅರವತ್ತು

ನಮ್ಮೂರಿನ ಹಳೇ ಅಕ್ಕಿ ಮಿಲ್ಲಿನ ಗೋಡೆಯನ್ನು ಕಳೆದ ಬೇಸಿಗೆಯಲ್ಲಿ ಜೆಸಿಬಿ ಕೆಡವಿತು. ಮುರಕಲ್ಲಿನ ಗೋಡೆ, ಅದರ ಮೇಲೆ ಎಷ್ಟೋ ವರ್ಷದ ಸುಣ್ಣ. ಪದರ ಎದ್ದು ಹೋದಲ್ಲಿ ಕಾವಿ ಬಣ್ಣದ ದಪ್ಪ ಅಕ್ಷರಗಳು ಅರ್ಧಂಬರ್ಧ ಕಾಣುತ್ತಿದ್ದವು. ಪಂಚಾಯಿತಿ ಚುನಾವಣೆ ಬಂತೆಂದರೆ ಅಭ್ಯರ್ಥಿಗಳಿಗೆ ಮೊಬೈಲಿನಲ್ಲೇ ಪೋಸ್ಟರ್ ಮಾಡಿಕೊಡುವ ಪಕ್ಕದ ಮನೆಯ ಹುಡುಗ ನನ್ನ ಜೊತೆ ನಿಂತಿದ್ದ. "ಗೋಡೆ ತುಂಬ ಬರೆಯುವಷ್ಟು ವಿಷಯ ಇತ್ತಾ ಮಾವ, ಆಗ?" ಎಂದು ಕೇಳಿದ.

ಇತ್ತು. ಆ ಗೋಡೆಗೆ ಸುಣ್ಣ ಬಳಿದವನು ನಾನೇ.

ನಮ್ಮದು ಗಂಗೊಳ್ಳಿಗೂ ತ್ರಾಸಿಗೂ ನಡುವಿನ ಕಡಲಕರೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಮನೆ, ತೆಂಗು, ಮರಳು. 1987ರ ಜನವರಿಯಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಾಗ ನಾನು ಪಿಯುಸಿ ಹುಡುಗ. ನಜೀರ್ ಸಾಬರು ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲ. ಊರಿನ ದುಡ್ಡು ಇನ್ನು ಊರಿನವರ ಕೈಗೇ ಬರುತ್ತದಂತೆ ಎಂಬ ಸುದ್ದಿ ಹಬ್ಬಿ, ಅದುವರೆಗೆ ಊರ ಜಾತ್ರೆಯ ಚಂದಾ ಪುಸ್ತಕ ಬಿಟ್ಟರೆ ಬೇರೇನೂ ಹಿಡಿಯದವರೆಲ್ಲ ಉಮೇದುವಾರರಾದರು. ಅಷ್ಟು ಜನರಿಗೂ ಬರೆದುಕೊಡಲು ಇದ್ದವರು ಒಬ್ಬರೇ, ಬೋರ್ಡ್ ಮಾಸ್ಟ್ರು.

ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಬಂದರಿನಲ್ಲಿ ಬೋಟಿಗೆ ಹೆಸರು ಬರೆಯುವುದು, ಅಂಗಡಿ ಬೋರ್ಡು, ಯಕ್ಷಗಾನ ಮೇಳ ಬಂದಾಗ ಪ್ರಸಂಗದ ಹೆಸರಿನ ಬೋರ್ಡು, ಇಷ್ಟೇ ಅವರ ಉದ್ಯೋಗ. ಚುನಾವಣೆ ಬಂದಾಗ ಮಾತ್ರ ಕೈಗೆ ಬಿಡುವಿಲ್ಲ. ಹಿಂದಿನ ಸಂಜೆಯೇ ಅರ್ಧ ಡ್ರಮ್ಮಿಗೆ ಸುಟ್ಟ ಚಿಪ್ಪು ಸುರಿದು ನೀರು ಹೊಯ್ಯಬೇಕು. ಚಿಪ್ಪು ಬುಸುಗುಟ್ಟಿ, ಬಿರಿದು, ಹಿಟ್ಟಾಗುತ್ತಿತ್ತು. ಆಗ ಏಳುವ ಹಬೆಗೆ ಒಂದು ವಾಸನೆ. ಬಿಸಿ ಕಲ್ಲಿನ ಮೇಲೆ ಮೊದಲ ಮಳೆ ಬಿದ್ದಂತೆ, ಅದರಡಿಯಲ್ಲಿ ಸಣ್ಣಗೆ ಹೊಳೆಯ ಕೆಸರು. ಈಗ ಡಬ್ಬಿ ಬಿಚ್ಚಿ ಬಳಿಯುವ ಯಾವ ಪೈಂಟಿಗೂ ಅದಿಲ್ಲ. ಮೂಗು ಅದನ್ನು ಇನ್ನೂ ಇಟ್ಟುಕೊಂಡಿದೆ; ಅಭ್ಯರ್ಥಿಗಳ ಹೆಸರು ಎಷ್ಟೋ ಮರೆತಿದ್ದೇನೆ.

ಕೇದಗೆಯ ಬಿಳಲು ಜಜ್ಜಿ ಮಾಡಿದ ಬ್ರಷ್ಷಿನಲ್ಲಿ ಸುಣ್ಣ ಬಳಿಯುವುದು ನನ್ನ ಕೆಲಸ. ಅದು ಒಣಗಿದ ಮೇಲೆ ನೀಲಿ ಪುಡಿ ಹಚ್ಚಿದ ನೂಲನ್ನು ನಾನೊಂದು ತುದಿ, ಮಾಸ್ಟ್ರು ಒಂದು ತುದಿ ಹಿಡಿದು ಮಧ್ಯಕ್ಕೆ ಎಳೆದು ಬಿಟ್ಟರೆ ಗೋಡೆಯ ಮೇಲೆ ಗೆರೆ ಬೀಳುತ್ತಿತ್ತು. ಒತ್ತಕ್ಷರಕ್ಕೆಂದು ಗೆರೆಯ ಕೆಳಗೆ ಒಂದು ಗೇಣು ಬಿಡುತ್ತಿದ್ದರು. ಪೆನ್ಸಿಲ್ಲಿಲ್ಲ, ಅಳತೆಪಟ್ಟಿಯಿಲ್ಲ. ಬಾಯಲ್ಲಿ ಎಲೆಯಡಿಕೆ, ಕಣ್ಣಲ್ಲಿ ಲೆಕ್ಕ. ಮೊದಲು ಸಾಲಿನ ಎರಡೂ ತುದಿಯ ಅಕ್ಷರ ಬರೆದು ಆಮೇಲೆ ನಡುವಿನದನ್ನು ತುಂಬುತ್ತಿದ್ದರು. ಒಂದು ದಿನವೂ ಸಾಲು ಗೋಡೆಯಿಂದ ಹೊರಗೆ ಹೋದದ್ದು ನಾನು ಕಾಣೆ.

ಬರೆದದ್ದಾದರೂ ಎಂತ? ಗುರುತು, ಹೆಸರು, ಆಮೇಲೆ ಕೆಲಸ. ಇಂಥವರ ಮನೆಯಿಂದ ಇಂಥವರ ಮನೆವರೆಗೆ ದಾರಿ. ಕೊನೆಯ ಕಂಬದಿಂದ ಮುಂದೆ ನಾಲ್ಕು ದೀಪ. ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ಕೇರಿಗೆ ನಳ್ಳಿ ನೀರು. ತೋಡಿಗೆ ಸಂಕ. ಕಡಲು ಕೊರೆಯುವಲ್ಲಿಗೆ ಕಲ್ಲು. ಓದುವವನಿಗೆ ಆ ದಾರಿಯೂ ಗೊತ್ತು, ಆ ಕಂಬವೂ ಗೊತ್ತು. ಕಲ್ಲಿನ ಮಾತೊಂದು ಆಗಲೂ ಸುಳ್ಳೇ. ಆಷಾಢದ ಕಡಲಿಗೆ ಲಾರಿಗಟ್ಟಲೆ ಕಲ್ಲು ಹಾಕಿದ ಲೆಕ್ಕವಾಗುತ್ತಿತ್ತು. ಮರಳು ನುಂಗಿದ್ದೆಷ್ಟು, ಲಾರಿಯಿಂದ ಇಳಿಯದೇ ಹೋದದ್ದೆಷ್ಟು ಎಂದು ಕೇಳುವವರಿರಲಿಲ್ಲ.

ಮಿಲ್ಲಿನ ಗೋಡೆಯಲ್ಲಿ ನಾವು ಬರೆದದ್ದು, ಒಂದು ವರ್ಷದೊಳಗೆ ತೋಡಿಗೆ ಸಿಮೆಂಟು ಸಂಕ ಎಂದು. ಅಲ್ಲಿವರೆಗೂ ಎರಡು ತೆಂಗಿನ ಕಾಂಡವೇ ಸಂಕ. ಒಂದು ಗೋಡೆಗೆ ಮೂವತ್ತು ರೂಪಾಯಿ ರೇಟು, ಅದೂ ಮತ ಎಣಿಸುವ ಮೊದಲೇ. ಸೋತವರು ಕೊಡುವುದಿಲ್ಲ, ಗೆದ್ದವರಿಗೆ ಗುರುತು ಸಿಗುವುದಿಲ್ಲ ಎಂಬುದು ಮಾಸ್ಟ್ರ ಅನುಭವ.

ಅದನ್ನು ಬರೆಸಿದ ಮನುಷ್ಯ ಗೆದ್ದ. ವರ್ಷ ಕಳೆಯಿತು, ಮಳೆ ಬಂದು ಹೋಯಿತು, ಸಂಕ ಬರಲಿಲ್ಲ. ಅಕ್ಷರ ಮಾತ್ರ ಗಟ್ಟಿ. ಶಾಲೆಗೆ ಹೋಗುವ ಮಕ್ಕಳು ದಿನಾ ಗಟ್ಟಿಯಾಗಿ ಓದಿಕೊಂಡು ಕಾಂಡ ದಾಟುತ್ತಿದ್ದವು. ಒಂದು ರಾತ್ರಿ ಅವ ಮಾಸ್ಟ್ರ ಮನೆಗೇ ಬಂದ. ಗೋಡೆಗೆ ಒಂದು ಕೈ ಸುಣ್ಣ ಬಳಿದುಬಿಡಿ ಎಂದ. ಮಾಸ್ಟ್ರು ಎಲೆಗೆ ಸುಣ್ಣ ತೀಡುತ್ತಾ, "ಬರುಕೆ ಮೂವತ್ತ್ ಆರೆ ಅಳ್ಸುಕೆ ಅರ್ವತ್ತ್, ಮೆಂಬ್ರೆ" ಎಂದರು. ಐವತ್ತಕ್ಕೆ ಇಳಿಸಲು ಅವ ಬಹಳ ನೋಡಿದ. ಮಾಸ್ಟ್ರು ಅರವತ್ತರಿಂದ ಕೆಳಗೆ ಬರಲಿಲ್ಲ. ನಾವು ಬಳಿದೆವು, ಗೋಡೆ ಬೆಳ್ಳಗಾಯಿತು. ಜೂನಿನಲ್ಲಿ ಮಳೆ ಹೊಡೆದು ಗೋಡೆ ಒದ್ದೆಯಾದದ್ದೇ ಸುಣ್ಣದ ಹಿಂದಿನಿಂದ ಸಂಕ ಮತ್ತೆ ಎದ್ದು ಬಂತು! ತೆಳು ಸುಣ್ಣ ನೀರು ಕುಡಿದರೆ ಅಡಿಯ ಬಣ್ಣ ಕಾಣುತ್ತದೆ. ಅದು ಮಾಸ್ಟ್ರಿಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ನಾನು ನಂಬುವವನಲ್ಲ. ಮರುವರ್ಷ ಸಂಕವಾಯಿತು. ಗೋಡೆಯ ನಾಚಿಕೆಯಿಂದಲೇ ಆಯಿತು ಎನ್ನಲು ಆಸೆ. ಆದರೆ ಜಿಲ್ಲಾ ಪರಿಷತ್ತಿನ ಹಣ ಬಂದಿದ್ದೂ ಆಗಲೇ.

ಹಾಗೆಂದು ಆ ಕಾಲ ಒಳ್ಳೆಯದಿತ್ತೆಂದು ಹುಡುಗನಿಗೆ ಹೇಳಲು ಬಾಯಿ ಬರಲಿಲ್ಲ. ನೂರಕ್ಕೆ ಇಪ್ಪತ್ತೈದು ಸೀಟು ಹೆಂಗಸರಿಗೆಂದು ಆಗಲೇ ಇತ್ತು. ಆದರೆ ಅವರ ಹೆಸರಿಗಿಂತ ಗಂಡನ ಹೆಸರನ್ನು ದೊಡ್ಡದಾಗಿ ಬರೆಯಿರಿ ಎಂದು ಗಂಡಂದಿರೇ ನಿಂತು ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ಇನ್ನೊಂದು, ಬರೆಯಲು ಗೋಡೆ ಬೇಕಲ್ಲ? ಮಡಲಿನ ಮನೆಗಳಿಗೆ, ಮರಳಿನ ಮೇಲೆ ಬಿಡಾರ ಕಟ್ಟಿಕೊಂಡವರಿಗೆ ಗೋಡೆಯೆಲ್ಲಿತ್ತು? ಆ ಕೇರಿಯ ಹೆಸರು ಯಾವ ಗೋಡೆಯಲ್ಲೂ ಬರಲಿಲ್ಲ. ಭರವಸೆ ಸಿಕ್ಕಿದ್ದು ಮುರಕಲ್ಲಿನ ಕಂಪೌಂಡಿದ್ದವರ ಆಸುಪಾಸಿಗೆ.

ಆಮೇಲಿನದು ಎಲ್ಲರಿಗೂ ಗೊತ್ತು. ಮುಖ್ಯ ಚುನಾವಣಾ ಆಯುಕ್ತರಾಗಿ ಶೇಷನ್ ಬಂದರು, ಗೋಡೆ ಬರಹಕ್ಕೆ ಹೆದರಿಕೆ ಹುಟ್ಟಿತು. 1993ರಲ್ಲಿ ಮಂಡಲ ಹೋಗಿ ಗ್ರಾಮ ಪಂಚಾಯಿತಿಯಾಯಿತು, ಪಕ್ಷದ ಗುರುತು ಹೋಯಿತು, ಪಕ್ಷ ಹೋಗಲಿಲ್ಲ. ಫ್ಲೆಕ್ಸ್ ಬಂದ ಮೇಲೆ ಮಾಸ್ಟ್ರಿಗೆ ಉಳಿದದ್ದು ಬೋಟಿನ ಹೆಸರು, ಆಮೇಲೆ ಬೋಟಿನ ನಂಬರು ಮಾತ್ರ. ಅವರ ಕೈ ನಡುಗಲು ಶುರುವಾದದ್ದು ಆ ನಂಬರುಗಳಲ್ಲೇ ಕಾಣುತ್ತಿತ್ತು.

ನಮ್ಮೂರಿಗೆ ನಿಜವಾಗಿ ಗೆರೆ ಎಳೆದದ್ದು ಮಾತ್ರ ಯಾರ ನೂಲೂ ಅಲ್ಲ. 1991ರ ಫೆಬ್ರುವರಿಯ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ತನ್ನ ಕಾಯ್ದೆ ಎಂದಿತು. ನಮ್ಮಂಥ ಹಳ್ಳಿಯಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡವೇ ಇಲ್ಲ. ನಮಗೆ ಕಡಲಿನ ಗೆರೆ ಒಂದು ಕಡೆ, ಉಬ್ಬರ ಏರುವ ಹೊಳೆಯ ಗೆರೆ ಇನ್ನೊಂದು ಕಡೆ. 2019ರಲ್ಲಿ ಜನದಟ್ಟಣೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚಿದ್ದಲ್ಲಿ ಆ 200ನ್ನು 50ಕ್ಕೆ ಇಳಿಸಿದರು. ಕಡಲನ್ನು ಕಾಯುವ ಕಾಯ್ದೆ ಬೇಡವೆನ್ನುವವನು ನಾನಲ್ಲ. ಮರಳು ದಿಬ್ಬ ತೆಗೆದು ರೆಸಾರ್ಟ್ ಎಬ್ಬಿಸಿದ ಕಡೆ ಕಡಲು ಏನು ಮಾಡಿತೆಂದು ಕಂಡಿದ್ದೇನೆ. ಆದರೆ ಅದನ್ನು ಬರೆಯುವುದು ದೆಹಲಿಯಲ್ಲಿ. ಅಳಿಸುವುದೂ ಅಲ್ಲೇ. ಸೈಟಿಗೆ 9/11 ನಮೂನೆಯ ದಾಖಲೆ ಬೇಕೆಂದರೆ ಕೊಡುವುದು ಪಂಚಾಯಿತಿಯೋ, ಪ್ರಾಧಿಕಾರವೋ ಎನ್ನುವ ನಿಯಮ ಎಷ್ಟು ಸಲ ಬದಲಾಯಿತೋ, ಕಡತ ಹಿಡಿದು ಅಲೆದವರಿಗೇ ಗೊತ್ತು.

ಇಷ್ಟಾದರೂ ವಾರ್ಡಿನ ಅಭ್ಯರ್ಥಿಯ ಪೋಸ್ಟರಿನಲ್ಲಿ ಇರುವುದು ಸಿಆರ್‌ಝಡ್ ಸಡಿಲಿಕೆ, ಹೊರಬಂದರು, ಗಂಗೊಳ್ಳಿಯಿಂದ ಕುಂದಾಪುರಕ್ಕೆ ಸೇತುವೆ. ಗ್ರಾಮ ಪಂಚಾಯಿತಿ ಮೆಂಬರ್ ಬಂದರು ಕಟ್ಟಿಸುವುದುಂಟೇ? ಇದನ್ನೆಲ್ಲ ಯಾಕೆ ಹಾಕಿದೆ ಎಂದು ಹುಡುಗನನ್ನು ಕೇಳಿದರೆ, "ಇಬ್ಬರೂ ಇದನ್ನೇ ಹಾಕು ಅಂದ್ರು ಮಾವ, ಫೋಟೋ ಮಾತ್ರ ಬದಲು" ಎಂದ. ಮತ ಎಣಿಸಿದ ಮರುದಿನ ಸ್ಟೇಟಸ್ಸಿನಿಂದ ಅದು ತಾನೇ ಹೋಗುತ್ತದೆ. ಅರವತ್ತು ರೂಪಾಯಿಯೂ ಉಳಿಯಿತು.

2020ರ ಡಿಸೆಂಬರಿನ ಚುನಾವಣೆಗೆ ಕೈಮುಗಿದು ಬಂದ ಒಬ್ಬನನ್ನು ನಮ್ಮ ಚಿಕ್ಕಮ್ಮ ಅಂಗಳದಲ್ಲೇ ನಿಲ್ಲಿಸಿ, "ನಮ್ಮನಿ ಹಿಂದಿನ ಗ್ವಾಡೆ ಬಿದ್ದಿತ್ತ್, ಕಟ್ಟುಕೆ ಪರ್ಮಿಷನ್ ನೀ ಕೊಡ್ತ್ಯಾ?" ಎಂದು ಕೇಳಿದರು.

"ಅದ್ ನಮ್ ಕೈಯಗಿಲ್ಲೆ ಅಮ್ಮ, ಮೇಲಿನವ್ರ್ ಕೊಡ್ಕ್."

"ಹಂಗಾರೆ ನಿನ್ ಕೈಯಗೆ ಎಂತ ಇತ್ತ್?"

ಅವ ಸ್ವಲ್ಪ ಯೋಚಿಸಿ, "ಚರಂಡಿ" ಎಂದ.

"ಹಂಗಾರೆ ಅದ್ನೇ ಬರ್ಸ್."

ಬರೆಸಲಿಲ್ಲ, ಆದರೂ ಗೆದ್ದ. ಅದಾಗಿ ಐದು ಮಳೆಗಾಲ ಹೋಯಿತು. ಚರಂಡಿಗೆ ಮುಂದಿನ ಕ್ರಿಯಾಯೋಜನೆಯಲ್ಲಿ ಹಣ ಇಡಿಸುವ ಎಂದು ಈಗಲೂ ಹೇಳುತ್ತಿದ್ದಾನೆ.