ಗರಿಯಿಂದ ಹುಟ್ಟಿದ ಮಾತು

ಆಂಗ್ಲ ಭಾಷೆಯಲ್ಲಿ 'ಪನಾಶ್' ಎಂಬದೊಂದು ಶಬ್ದವುಂಟು. ಕೈಗೊಂಡ ಕಾರ್ಯವನ್ನು ಅಂಜಿಕೆಯಿಲ್ಲದೆ, ಸೊಗಸಾಗಿ, ತಲೆಯೆತ್ತಿ ನಡಿಸುವವರನ್ನು ಹೊಗಳುವಾಗ ಅದನ್ನು ಬಳಸುವರು. ಕನ್ನಡದಲ್ಲಿ 'ಠೀವಿ' ಎಂದರೆ ಅದರ ಸಮೀಪಕ್ಕೆ ಬರುವದು. 'ಜಂಬ' ಎಂದರೆ ಅನ್ಯಾಯವಾಗುವದು. ಆದರೆ ಹುಡುಗಿಯರ ವಿಷಯದಲ್ಲಿ ಜನರು ಎರಡನೆಯ ಮಾತನ್ನೇ ಬೇಗನೆ ಆರಿಸುತ್ತಾರೆ. ಆದುದರಿಂದ ಈ ಶಬ್ದದ ವಂಶವನ್ನು ಸ್ವಲ್ಪ ವಿಚಾರಿಸಬೇಕೆಂದು ನಮಗೆ ತೋರಿತು.

ಆಂಗ್ಲರು ಇದನ್ನು ಫ್ರೆಂಚರಿಂದ ಪಡೆದರು, ಫ್ರೆಂಚರು ಇಟಲಿಯವರಿಂದ. ಎಲ್ಲಕ್ಕೂ ಮೂಲವು ಲ್ಯಾಟಿನಿನ 'ಪಿನ್ನ', ಅಂದರೆ ಗರಿ. ಯೋಧನ ಶಿರಸ್ತ್ರಾಣದ ಮೇಲಣ ಗರಿಯ ತುರಾಯಿಯೇ ಪನಾಶ್. 1590ರಲ್ಲಿ ಇವ್ರಿಯ ಕಾಳಗದ ದಿನ ಫ್ರಾನ್ಸಿನ ಅರಸನಾದ ನಾಲ್ಕನೆಯ ಹೆನ್ರಿಯು, ಧ್ವಜಗಳು ಕಾಣದೆ ಹೋದರೆ ತನ್ನ ಬಿಳಿಯ ತುರಾಯಿಯನ್ನು ನೋಡಿ ಅಲ್ಲಿ ಕೂಡಿರೆಂದು ಸೈನಿಕರಿಗೆ ಹೇಳಿದನಂತೆ. ತನ್ನವರಿಗೆ ಕಾಣುವ ತುರಾಯಿ ಶತ್ರುವಿಗೂ ಕಾಣುವದಷ್ಟೆ! ಅದನ್ನು ಧರಿಸುವದಕ್ಕೆ ಅಲಂಕಾರಪ್ರಿಯತೆಯೊಂದೇ ಸಾಲದು. 1897ರಲ್ಲಿ ಪ್ಯಾರಿಸಿನ ರಂಗಕ್ಕೆ ಬಂದ ಎದ್ಮೋನ್ ರೊಸ್ತಾನನ 'ಸಿರಾನೋ ದ ಬೆರ್ಜೆರಾಕ್' ನಾಟಕದ ಕಟ್ಟಕಡೆಯ ಮಾತು ಇದೇ. ಸಾಯುತ್ತಿರುವ ನಾಯಕನು, ಯಾರೂ ತನ್ನಿಂದ ಕಸಿಯಲಾರದ್ದು ಇದೊಂದೆನ್ನುತ್ತಾನೆ. ಆ ನಾಟಕವು ಇಂಗ್ಲಿಷಿಗೆ ಬಂದ ಬಳಿಕ ತುರಾಯಿಯ ಹೆಸರು ಗುಣದ ಹೆಸರಾಗಿ ಆಂಗ್ಲರಲ್ಲಿ ರೂಢಿಯಾಯಿತು.

ಅದೇ ಲ್ಯಾಟಿನ್ ಮೂಲದಿಂದ 'ಪಿನಕಲ್' ಎಂಬ ಮಾತೂ ಹುಟ್ಟಿದೆ. ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಸೈತಾನನು ಕರ್ತನನ್ನು ನಿಲ್ಲಿಸಿದ ದೇವಾಲಯದ ಶಿಖರಕ್ಕೆ ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ಇದೇ ಶಬ್ದವಿದೆ. ಅಲ್ಲಿಂದ ಧುಮುಕಿದ್ದರೆ ಪಟ್ಟಣವೆಲ್ಲಾ ಬೆರಗಾಗುತ್ತಿತ್ತು, ಆತನು ಧುಮುಕಲಿಲ್ಲ. ಆದರೆ ದೀಪವನ್ನು ಹಚ್ಚಿ ಕೊಳಗದೊಳಗೆ ಇಡಲಾಗದೆಂದು ಮುಂದಿನ ಅಧ್ಯಾಯದಲ್ಲಿ ಹೇಳಿದವನೂ ಆತನೇ. ಹೆಣ್ಣುಮಕ್ಕಳಿಗೆ ನಾಲ್ಕನೆಯ ಅಧ್ಯಾಯವನ್ನು ಬೋಧಿಸುವವರು ಬಹು ಮಂದಿ. ಐದನೆಯದನ್ನು ಬೋಧಿಸುವವರು ಕಡಮೆ.

ಕಪ್ಪುಹಲಗೆಯ ಮುಂದೆ ಬಂದು ಬೀಜಗಣಿತದ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸಿದ ಬಾಲಿಕೆಯು, ಅದನ್ನು ವಿವರಿಸೆಂದರೆ ನೆಲವನ್ನು ನೋಡುತ್ತಾ ಪಿಸುಗುಟ್ಟುತ್ತಾಳೆ. ನೋಡಿದವರು ವಿನಯವೆಂದು ಮೆಚ್ಚುತ್ತಾರೆ. ಹಿಂದಿನ ಬೆಂಚಿನವರಿಗೆ ಅದು ಕೇಳಿಸುವದಿಲ್ಲ. ಲೆಕ್ಕ ತಿಳಿಯದೆ ಕುಳಿತವರು ಅಲ್ಲಿಯೇ ಹೆಚ್ಚು.