ನದಿಯ ನಡುವೆ ಎಳೆದ ಗೆರೆ

ಅಮೆರಿಕ ಸಂಯುಕ್ತ ಸಂಸ್ಥಾನದ ಭೂಪಟವನ್ನು ಬಿಡಿಸಿ, ಬಲಗಡೆಯ ಮೇಲ್ತುದಿಯನ್ನು ನೋಡಿ. ಹೆಬ್ಬೆರಳು ಎತ್ತಿದಂತೆ ಒಂದು ತುಂಡು ನೆಲ ಕೆನಡಾದೊಳಕ್ಕೆ ಚಾಚಿ ನಿಂತಿರುವುದು ಕಾಣುತ್ತದೆ. ಮೂರು ಕಡೆಯೂ ಪರದೇಶ. ದಕ್ಷಿಣಕ್ಕೆ ಮಾತ್ರ ಸ್ವದೇಶ. ಇದು ಮೇನ್ ರಾಜ್ಯದ ಅರೂಸ್ಟುಕ್ ಕೌಂಟಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ವಿಭಾಗ. ಇದರ ವಿಸ್ತಾರ 17,000 ಚದರ ಕಿಲೋಮೀಟರಿಗೂ ಹೆಚ್ಚು. ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ಎಂಬ ಎರಡು ರಾಜ್ಯಗಳ ನೆಲವನ್ನು ಕೂಡಿಸಿದರೂ ಇದರಷ್ಟಾಗುವುದಿಲ್ಲ. ಆದರೆ 2020ರ ಜನಗಣತಿಯಲ್ಲಿ ಇಲ್ಲಿ ಸಿಕ್ಕವರು 67,105 ಮಂದಿ ಮಾತ್ರ. ಮೇನ್ ರಾಜ್ಯದಲ್ಲಿ ಇನ್ನೂ ಹದಿನೈದು ಕೌಂಟಿಗಳಿದ್ದರೂ ಇಲ್ಲಿನವರು ತಮ್ಮದನ್ನು ಹೆಸರಿಟ್ಟು ಕರೆಯುವುದಿಲ್ಲ. ಬರೀ ‘ದಿ ಕೌಂಟಿ’ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ಕೌಂಟಿಯ ಪಶ್ಚಿಮ ಭಾಗವೆಲ್ಲ ಕಾಡು. ಅಲ್ಲಿ ಮನುಷ್ಯರಿಗಿಂತ ಮೂಸ್ ಎಂಬ ದೊಡ್ಡ ಜಾತಿಯ ಕಡವೆಗಳನ್ನು ನೋಡುವುದೇ ಸುಲಭ. ಊರುಗಳೆಲ್ಲ ಇರುವುದು ಪೂರ್ವ ಮತ್ತು ಉತ್ತರದ ಅಂಚಿನಲ್ಲಿ, ಗಡಿಗೆ ಒತ್ತಿಕೊಂಡು. ಸುಮಾರು 12,000 ವರ್ಷಗಳ ಹಿಂದೆ ಹಿಮನದಿಗಳು ಹಿಂದೆ ಸರಿದಾಗ ಬಿಟ್ಟುಹೋದ ಮಣ್ಣು ಅಲ್ಲಿ ಸಡಿಲವಾಗಿದೆ; ನೀರು ನಿಲ್ಲುವುದಿಲ್ಲ. ಆಲೂಗಡ್ಡೆಗೆ ಬೇಕಾದದ್ದು ಇದೇ. ಚಳಿಗಾಲವೋ, ಹೇಳತೀರದು. ಕ್ಯಾರಿಬೂ ಪಟ್ಟಣದಲ್ಲಿ ಒಂದು ವರ್ಷಕ್ಕೆ ಬೀಳುವ ಹಿಮವನ್ನು ಒಟ್ಟುಗೂಡಿಸಿದರೆ ಎತ್ತರದ ಆಳು ಕೈಯೆತ್ತಿ ನಿಂತರೂ ಮುಳುಗಿಯಾನು. 2009ರ ಜನವರಿ 16ರಂದು ಬಿಗ್ ಬ್ಲ್ಯಾಕ್ ನದಿಯ ಬಳಿ ಉಷ್ಣಮಾಪಕ ಸೊನ್ನೆಗಿಂತ 45 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿದಿತ್ತು.

ಇಂಥ ನೆಲಕ್ಕೂ ಜನ ಬಂದರು. ಮೊದಲಿನಿಂದ ಇದ್ದವರು ಮ್ಯಾಲಿಸೀಟ್ ಮತ್ತು ಮಿಕ್‌ಮಾಕ್ ಬುಡಕಟ್ಟಿನವರು. ಈಗ ಸೇಂಟ್ ಜಾನ್ ಎಂದು ಕರೆಯುವ ನದಿಗೆ ಮ್ಯಾಲಿಸೀಟರು ಇಟ್ಟ ಹೆಸರು ವೊಲಾಸ್ಟಕ್, ಅಂದರೆ ಚೆಲುವಾದ ನದಿ. ತಮ್ಮನ್ನೂ ಅವರು ಆ ನದಿಯ ಹೆಸರಿನಿಂದಲೇ ಕರೆದುಕೊಳ್ಳುತ್ತಾರೆ. ಅವರ ನಂತರ ಬಂದವರು ಅಕೇಡಿಯನ್ನರು. ಇವರು ಫ್ರೆಂಚ್ ಮಾತಾಡುವ ಬೇಸಾಯಗಾರರು. 1755ರಿಂದ ಬ್ರಿಟಿಷರು ಇವರನ್ನು ಕಡಲ ತೀರದ ತಮ್ಮ ಹೊಲ ಮನೆಗಳಿಂದ ಎಬ್ಬಿಸಿ, ಹಡಗುಗಳಿಗೆ ತುಂಬಿ, ಕಂಡ ಕಂಡ ಕಡೆಗೆ ಸಾಗಿಸಿದರು. ತಪ್ಪಿಸಿಕೊಂಡ ಕೆಲವರು ಅಲೆದಾಡಿ ಅಲೆದಾಡಿ, 1785ರಲ್ಲಿ ದೋಣಿಗಳಲ್ಲಿ ಈ ನದಿಯನ್ನೇರಿ ಬಂದು ಮಡವಾಸ್ಕ ಎಂಬಲ್ಲಿ ನೆಲೆಸಿದರು. ಕ್ವಿಬೆಕ್ ಕಡೆಯಿಂದಲೂ ಕುಟುಂಬಗಳು ಬಂದು ಸೇರಿಕೊಂಡವು.

ಅವರು ನೆಲ ಹಂಚಿಕೊಂಡ ರೀತಿ ಗಮನಿಸುವಂಥದು. ಹೊಲಗಳು ಚೌಕವಲ್ಲ; ನದಿಯ ದಡದಿಂದ ಕಾಡಿನ ಕಡೆಗೆ ರಿಬ್ಬನ್ನಿನಂತೆ ಉದ್ದಕ್ಕೆ ಹೋಗುವ ಪಟ್ಟಿಗಳು. ಹಾಗಾಗಿ ಪ್ರತಿಯೊಂದು ಮನೆಗೂ ನದಿಯ ಪಾಲು ಸಿಗುತ್ತಿತ್ತು. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುಬಂಡಿ. ನದಿಯೇ ಅವರ ಬೀದಿ. ಅದರ ಎರಡು ದಡಗಳೆಂದರೆ ಬೀದಿಯ ಎರಡು ಸಾಲು ಮನೆಗಳಿದ್ದಂತೆ. 1792ರಲ್ಲಿ ಸ್ಥಾಪನೆಯಾದ ಸೇಂಟ್ ಬಾಸಿಲ್ ಚರ್ಚು ಇದ್ದುದು ಉತ್ತರ ದಡದಲ್ಲಿ. ದಕ್ಷಿಣದವರೂ ಮದುವೆಗೆ, ಮಣ್ಣಿಗೆ ಅಲ್ಲಿಗೇ ಹೋಗುತ್ತಿದ್ದರು. ಎರಡೂ ದಡದ ಅಡಿಗೆಮನೆಗಳಲ್ಲಿ ಪ್ಲಾಯ್ ಎಂಬ ತಿಂಡಿ ಬೇಯುತ್ತಿತ್ತು, ಈಗಲೂ ಬೇಯುತ್ತದೆ. ಬಕ್‌ವೀಟ್ ಎಂಬ ಧಾನ್ಯದ ಹಿಟ್ಟನ್ನು ಕಲಸಿ ಕಾವಲಿಯ ಮೇಲೆ ಹುಯ್ಯುತ್ತಾರೆ, ಮೇಲ್ಮೈಯಲ್ಲಿ ಸಣ್ಣ ಸಣ್ಣ ತೂತುಗಳು ಮೂಡುತ್ತವೆ, ಮಗುಚಿ ಹಾಕುವುದಿಲ್ಲ. ಕನ್ನಡಿಗರ ಕಣ್ಣಿಗೆ ಬಿದ್ದರೆ ದೋಸೆಯ ದೂರದ ನೆಂಟ ಎಂದು ತಕ್ಷಣ ಗುರುತಿಸಿಯಾರು.

ಇಷ್ಟರಲ್ಲಿ ದೂರದಲ್ಲಿ ಕುಳಿತ ದೊಡ್ಡವರು ಒಂದು ತಪ್ಪು ಮಾಡಿದ್ದರು. ಅಮೆರಿಕ ಸ್ವತಂತ್ರವಾದಾಗ 1783ರಲ್ಲಿ ಪ್ಯಾರಿಸ್ಸಿನಲ್ಲಿ ಆದ ಒಪ್ಪಂದ, ಸೇಂಟ್ ಲಾರೆನ್ಸ್ ನದಿಗೆ ಹರಿಯುವ ತೊರೆಗಳನ್ನೂ ಅಟ್ಲಾಂಟಿಕ್ ಸಾಗರಕ್ಕೆ ಹರಿಯುವ ತೊರೆಗಳನ್ನೂ ಬೇರ್ಪಡಿಸುವ ಎತ್ತರದ ಪ್ರದೇಶವೇ ಗಡಿ ಎಂದು ಹೇಳಿತು. ಕಾಗದದ ಮೇಲೆ ಸ್ಪಷ್ಟ. ಕಾಡಿನೊಳಗೆ ಹೋದರೆ ಆ ಎತ್ತರ ಯಾವುದು? ಸೇಂಟ್ ಜಾನ್ ನದಿ ಸೇರುವುದು ಫಂಡಿ ಕೊಲ್ಲಿಯನ್ನು, ಅದು ಸಾಗರವಲ್ಲ ಎಂದು ಬ್ರಿಟಿಷರು ವಾದ ಹೂಡಿದರು. ಕೊಲ್ಲಿ ಸಾಗರದ ಭಾಗವಲ್ಲದೆ ಮತ್ತೇನು ಎಂದು ಅಮೆರಿಕನ್ನರು ಕೇಳಿದರು. ಭೂಗೋಳದ ಪ್ರಶ್ನೆಯ ಹಿಂದೆ ಬೇರೆ ಲೆಕ್ಕಗಳಿದ್ದವು. ಒಬ್ಬರಿಗೆ ಪೈನ್ ಮರದ ನಾಟಾ ಬೇಕು. ಇನ್ನೊಬ್ಬರಿಗೆ ಚಳಿಗಾಲದಲ್ಲಿ ಸೇಂಟ್ ಲಾರೆನ್ಸ್ ಹೆಪ್ಪುಗಟ್ಟಿದಾಗ ಹ್ಯಾಲಿಫ್ಯಾಕ್ಸ್‌ನಿಂದ ಕ್ವಿಬೆಕ್ಕಿಗೆ ಸೈನ್ಯ ಕಳಿಸಲು ನೆಲದ ದಾರಿ ಬೇಕು. 1831ರಲ್ಲಿ ನೆದರ್‌ಲ್ಯಾಂಡ್ಸ್‌ನ ದೊರೆ ಪಂಚಾಯಿತಿ ಮಾಡಿ ರಾಜಿಯ ಗೆರೆಯೊಂದನ್ನು ಸೂಚಿಸಿದ. ಅಮೆರಿಕದ ಸೆನೆಟ್ ಒಪ್ಪಲಿಲ್ಲ.

1838-39ರ ಚಳಿಗಾಲದಲ್ಲಿ ನಾಟಾ ಕಳ್ಳತನದ ಜಗಳ ದೊಡ್ಡದಾಯಿತು. ಎರಡೂ ಕಡೆಯ ಪಡೆಗಳು ಹಿಮದಲ್ಲಿ ಬಂದು ಬೀಡುಬಿಟ್ಟವು. ಅಮೆರಿಕದ ಕಾಂಗ್ರೆಸ್ 50,000 ಸೈನಿಕರಿಗೂ ಒಂದು ಕೋಟಿ ಡಾಲರಿಗೂ ಮಂಜೂರಾತಿ ಕೊಟ್ಟಿತು. ಜನರಲ್ ವಿನ್‌ಫೀಲ್ಡ್ ಸ್ಕಾಟ್ ಬಂದು ಮಾತುಕತೆ ನಡೆಸಿ ಕದನವನ್ನು ತಪ್ಪಿಸಿದ. ‘ಅರೂಸ್ಟುಕ್ ಯುದ್ಧ’ ಎಂದು ಪುಸ್ತಕಗಳಲ್ಲಿ ಸೇರಿಕೊಂಡಿರುವ ಇದರಲ್ಲಿ ಕಾಳಗದಿಂದ ಒಬ್ಬನೂ ಸಾಯಲಿಲ್ಲ. ಆಗ ಫೋರ್ಟ್ ಕೆಂಟ್‌ನಲ್ಲಿ ಕಟ್ಟಿದ ಮರದ ದಿಮ್ಮಿಗಳ ಪುಟ್ಟ ಕೋಟೆ ಇಂದಿಗೂ ಇದೆ. ಕೌಂಟಿ ಹುಟ್ಟಿದ್ದೂ ಆ 1839ರಲ್ಲೇ.

ಕೊನೆಗೆ 1842ರಲ್ಲಿ ಅಮೆರಿಕದ ಡೇನಿಯಲ್ ವೆಬ್‌ಸ್ಟರ್ ಮತ್ತು ಬ್ರಿಟನ್ನಿನ ಲಾರ್ಡ್ ಆಶ್‌ಬರ್ಟನ್ ಕುಳಿತು ಇತ್ಯರ್ಥ ಮಾಡಿದರು. ಇದರಲ್ಲೊಂದು ತಮಾಷೆಯಿದೆ. ಪ್ಯಾರಿಸ್ಸಿನ ದಫ್ತರಿನಲ್ಲಿ ಕೆಂಪು ಗೆರೆ ಎಳೆದ ಒಂದು ಹಳೆಯ ಭೂಪಟ ಸಿಕ್ಕಿತ್ತು. ಅದು ಬ್ರಿಟಿಷರ ವಾದಕ್ಕೇ ಒಪ್ಪುವಂತಿತ್ತು. ವೆಬ್‌ಸ್ಟರ್ ಅದರ ಸುದ್ದಿಯನ್ನು ಮೇನ್ ರಾಜ್ಯದವರಿಗೆ ಗುಟ್ಟಾಗಿ ತಿಳಿಸಿ ರಾಜಿಗೆ ಒಪ್ಪಿಸಿದ. ಅತ್ತ ಬ್ರಿಟನ್ನಿನಲ್ಲಿದ್ದ ಮತ್ತೊಂದು ಭೂಪಟ ಅಮೆರಿಕದ ವಾದವೇ ಸರಿ ಎನ್ನುವಂತಿತ್ತು! ತಕರಾರಿನಲ್ಲಿದ್ದ ಸುಮಾರು 12,000 ಚದರ ಮೈಲಿಯಲ್ಲಿ 7,000 ಅಮೆರಿಕಕ್ಕೆ, ಉಳಿದದ್ದು ಬ್ರಿಟನ್ನಿಗೆ. ಮಡವಾಸ್ಕ ಸೀಮೆಯಲ್ಲಿ ಗಡಿ ಯಾವುದು? ಸೇಂಟ್ ಜಾನ್ ನದಿ. ಯಾವುದು ಬೀದಿಯಾಗಿತ್ತೋ ಅದೇ ಬೇಲಿಯಾಯಿತು. ಚರ್ಚು ಒಂದು ದೇಶದಲ್ಲಿ, ಭಕ್ತರು ಇನ್ನೊಂದರಲ್ಲಿ. ಅಣ್ಣ ವಿಕ್ಟೋರಿಯಾ ರಾಣಿಯ ಪ್ರಜೆ, ತಮ್ಮ ಅಮೆರಿಕದ ಪ್ರಜೆ. ಆ ಜನರನ್ನು ಯಾರೂ ಕೇಳಿರಲಿಲ್ಲ.

ಆದರೂ ಬಹಳ ಕಾಲ ಗೆರೆ ಇದ್ದೂ ಇಲ್ಲದಂತಿತ್ತು. ಮದುವೆಗಳು ನಡೆದವು, ಹಬ್ಬಗಳಿಗೆ ಹೋಗಿ ಬಂದರು. 1925ರಲ್ಲಿ ಮಡವಾಸ್ಕದಲ್ಲಿ ಕಾಗದದ ಕಾರ್ಖಾನೆ ಬಂದಾಗ, ಎದುರು ದಡದ ಎಡ್ಮಂಡ್‌ಸ್ಟನ್‌ನಲ್ಲಿ ತಯಾರಾದ ತಿರುಳನ್ನು ಕೊಳವೆಯ ಮೂಲಕ ಗಡಿ ದಾಟಿಸಿ ಇಲ್ಲಿ ಕಾಗದ ಮಾಡತೊಡಗಿದರು. ಕಾಗದಕ್ಕೆ ಸುಂಕ ಬೀಳುತ್ತಿತ್ತು, ಅದನ್ನು ತಪ್ಪಿಸುವ ಉಪಾಯ ಇದು.

ನಿಜವಾದ ಗೆರೆ ಬಿದ್ದದ್ದು ನದಿಯ ಮೇಲಲ್ಲ, ಶಾಲೆಯ ಕೋಣೆಯಲ್ಲಿ. ಸರ್ಕಾರಿ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕೆಂದು ಮೇನ್ ರಾಜ್ಯ 1919ರಲ್ಲಿ ಕಾನೂನು ಮಾಡಿತು. 1930ರ ಸುಮಾರಿಗೆ ಮಡವಾಸ್ಕದಲ್ಲಿ ಹುಟ್ಟಿದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ಅವಳು ಕೇಳಿದ್ದು ಫ್ರೆಂಚ್ ಒಂದೇ. ಅಮ್ಮ ಗದರಿದ್ದು, ಅಜ್ಜಿ ಕಥೆ ಹೇಳಿದ್ದು, ದೇವರಿಗೆ ಕೈಮುಗಿದದ್ದು ಎಲ್ಲ ಅದರಲ್ಲೇ. ಆರನೇ ವರ್ಷಕ್ಕೆ ಶಾಲೆಗೆ ಹೋದರೆ ಅಲ್ಲಿ ಆ ಮಾತೇ ಅಪರಾಧ. ಆಟದ ಬಯಲಿನಲ್ಲಿ ಬಾಯಿತಪ್ಪಿ ಆಡಿದರೂ, ಇನ್ನು ಫ್ರೆಂಚ್ ಮಾತಾಡುವುದಿಲ್ಲ ಎಂದು ನೂರಾರು ಸಲ ಬರೆಯಬೇಕು. ಬಚ್ಚಲಿಗೆ ಹೋಗಬೇಕೆಂದು ಕೇಳಲೂ ಇಂಗ್ಲಿಷ್ ಬಾರದ ಮಗು ಏನು ಮಾಡಬೇಕು? ಎಷ್ಟೋ ಕಡೆ ಶಿಕ್ಷೆ ಕೊಡುವ ಉಪಾಧ್ಯಾಯಿನಿಯ ಮನೆಮಾತೂ ಫ್ರೆಂಚೇ ಆಗಿತ್ತು. ಕಾನೂನು ಹೋದದ್ದು 1969ರಲ್ಲಿ. ಅಷ್ಟರಲ್ಲಿ ಆ ಹುಡುಗಿ ತಾಯಿಯಾಗಿದ್ದಳು. ತಾನು ಪಟ್ಟ ನಾಚಿಕೆ ಮಕ್ಕಳಿಗೆ ಬೇಡವೆಂದು ಅವರೊಂದಿಗೆ ಇಂಗ್ಲಿಷಿನಲ್ಲೇ ಮಾತಾಡಿದ್ದಳು. ಇಂಥ ತಾಯಂದಿರು ಆ ಕಣಿವೆಯಲ್ಲಿ ಒಬ್ಬಿಬ್ಬರಲ್ಲ. ಪಾಠ ಹೇಳುವ ಕೆಲಸದಲ್ಲಿರುವ ಯಾರನ್ನಾದರೂ ಈ ಸಂಗತಿ ಒಂದು ಗಳಿಗೆ ಸುಮ್ಮನಾಗಿಸಬೇಕು.

ಅದೇ ಶಾಲೆಗಳು ಇನ್ನೊಂದು ವಿಷಯದಲ್ಲಿ ಊರಿನ ಜೀವನಕ್ಕೆ ತಲೆಬಾಗಿದವು. ನಮ್ಮಲ್ಲಿ ದಸರೆಗೆ ರಜೆ ಕೊಟ್ಟರೆ ಅಲ್ಲಿ ಆಲೂಗಡ್ಡೆಗೆ ರಜೆ! 1890ರ ದಶಕದಲ್ಲಿ ರೈಲು ಬಂದ ಮೇಲೆ ಅರೂಸ್ಟುಕ್‌ನ ಆಲೂಗಡ್ಡೆ ದೂರದ ಪೇಟೆಗಳನ್ನು ಮುಟ್ಟಿತು. 1940ರ ದಶಕದಲ್ಲಿ ಇಡೀ ಅಮೆರಿಕದಲ್ಲಿ ಆಲೂಗಡ್ಡೆಗೆ ಮೇನ್ ರಾಜ್ಯವೇ ಮೊದಲು. ಶಾಲೆಗಳು ಆಗಸ್ಟ್ ನಡುವಿಗೇ ಬಾಗಿಲು ತೆರೆದು, ಸೆಪ್ಟೆಂಬರ್ ಕೊನೆಯಲ್ಲಿ ಸುಮಾರು ಮೂರು ವಾರ ಮುಚ್ಚುತ್ತಿದ್ದವು. ನಸುಕಿನ ಚಳಿಯಲ್ಲಿ ಮಕ್ಕಳು ಹೊಲಕ್ಕಿಳಿದು ಗೆಡ್ಡೆ ಆಯ್ದು ಬುಟ್ಟಿ ತುಂಬುವರು. ಬುಟ್ಟಿಯಿಂದ ಪೀಪಾಯಿಗೆ ಸುರಿದು, ತುಂಬಿದ ಪೀಪಾಯಿಗೆ ತಮ್ಮ ನಂಬರಿನ ಚೀಟಿ ಸಿಕ್ಕಿಸುವರು. ಒಂದು ಪೀಪಾಯಿಗೆ ಸುಮಾರು 75 ಕಿಲೋ. ಸಂಜೆ ಚೀಟಿ ಎಣಿಸಿ ಕೂಲಿ. ಚಳಿಗಾಲದ ಅಂಗಿ, ಬೂಟು ಬರುತ್ತಿದ್ದುದು ಆ ಹಣದಿಂದ. ಆ ಬುಟ್ಟಿಗಳನ್ನು ಆ್ಯಶ್ ಮರದ ಸೀಳುಗಳಿಂದ ಹೆಣೆದು ಕೊಡುತ್ತಿದ್ದವರು ಮಿಕ್‌ಮಾಕ್ ಮತ್ತು ಮ್ಯಾಲಿಸೀಟ್ ಜನ. ಎರಡನೇ ಮಹಾಯುದ್ಧದ ಕಾಲದಲ್ಲಿ ಹೋಲ್ಟನ್‌ನಲ್ಲಿ ಸೆರೆಯಲ್ಲಿದ್ದ ಜರ್ಮನ್ ಸೈನಿಕರೂ ಈ ಹೊಲಗಳಲ್ಲಿ ದುಡಿದರು.

ಕಾಲ ಹಾಗೆಯೇ ನಿಲ್ಲಲಿಲ್ಲ. ಐಡಹೊ ರಾಜ್ಯ ಆಲೂಗಡ್ಡೆಯಲ್ಲಿ ಮುಂದೆ ಹೋಯಿತು. ಹೊಲಕ್ಕೆ ಯಂತ್ರ ಬಂದು ಮಕ್ಕಳ ಕೈ ಬೇಡವಾಯಿತು. ಕೆಲವು ಶಾಲೆಗಳು ಆ ರಜೆಯನ್ನು ಕೈಬಿಟ್ಟವು, ಕೆಲವು ಮೊಟಕುಗೊಳಿಸಿದವು. ಲೈಮ್‌ಸ್ಟೋನ್ ಬಳಿ ಇದ್ದ ಲೋರಿಂಗ್ ವಾಯುಪಡೆ ನೆಲೆ 1994ರಲ್ಲಿ ಮುಚ್ಚಿತು. 1960ರಲ್ಲಿ 1,06,064 ಇದ್ದ ಜನಸಂಖ್ಯೆ ಅರವತ್ತು ವರ್ಷಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗಿತು. ಓದಿದ ಹುಡುಗರು ಹೊರಟುಹೋಗುತ್ತಾರೆ. ಫೋರ್ಟ್ ಕೆಂಟ್‌ನಿಂದ ಫ್ಲಾರಿಡಾದ ಕೀ ವೆಸ್ಟ್‌ವರೆಗೆ ಸುಮಾರು 3,800 ಕಿಲೋಮೀಟರ್ ಓಡುವ ಹೆದ್ದಾರಿ ಶುರುವಾಗುವುದೇ ಇಲ್ಲಿಂದ. ಹೋಗುವವರಿಗೆ ದಾರಿಯ ಕೊರತೆಯಿಲ್ಲ.

ಉಳಿದವರು ಕೈಕಟ್ಟಿ ಕುಳಿತಿಲ್ಲ. ಪ್ರೆಸ್ಕ್ ಐಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆವಿನ್ ಮೆಕಾರ್ಟ್ನಿ ಅವರ ಮುಂದಾಳತ್ವದಲ್ಲಿ ಶಾಲಾ ಮಕ್ಕಳು, ಊರವರು ಸೇರಿ ಅದೇ ಹೆದ್ದಾರಿಯ ಬದಿಯಲ್ಲಿ ಸೌರವ್ಯೂಹದ ಮಾದರಿಯೊಂದನ್ನು ಕಟ್ಟಿದರು. 2003ರಲ್ಲಿ ಅದು ಸಿದ್ಧವಾಯಿತು. ಸೂರ್ಯನಿಗೂ ಭೂಮಿಗೂ ನಡುವಿನ ಸುಮಾರು 15 ಕೋಟಿ ಕಿಲೋಮೀಟರ್ ಇಲ್ಲಿ ಒಂದು ಮೈಲಿ. ಪ್ರೆಸ್ಕ್ ಐಲ್‌ನಲ್ಲಿ ಸೂರ್ಯ. ಒಂದು ಮೈಲಿಗೆ ತೆಂಗಿನಕಾಯಿಯಷ್ಟು ಭೂಮಿ. ಮುಂದೆ ಆಲೂಗಡ್ಡೆ ಹೊಲಗಳ ನಡುವೆ ಒಂದೂವರೆ ಮೀಟರಿನ ಗುರು. ನಲವತ್ತು ಮೈಲಿ ದಾಟಿದ ಮೇಲೆ ಹೋಲ್ಟನ್‌ನಲ್ಲಿ ನೆಲ್ಲಿಕಾಯಿ ಗಾತ್ರದ ಪ್ಲೂಟೊ. ಸೂರ್ಯನ ಬೆಳಕು ಭೂಮಿಗೆ ಬರಲು ಎಂಟು ನಿಮಿಷ ಚಿಲ್ಲರೆ ಬೇಕಲ್ಲವೆ? ಆ ಅಳತೆಯಲ್ಲಿ ಗಂಟೆಗೆ ಹನ್ನೊಂದೂವರೆ ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿಯುವ ಹುಡುಗ ಬೆಳಕಿನ ವೇಗದಲ್ಲಿ ಹೋಗುತ್ತಿದ್ದಾನೆ ಎಂದಾಯಿತು! ಪ್ಲೂಟೊ ಮುಟ್ಟಲು ಅವನಿಗೆ ಐದೂವರೆ ಗಂಟೆ. ಯಾವ ಪಠ್ಯಪುಸ್ತಕ ಇಷ್ಟು ಚೆನ್ನಾಗಿ ತಿಳಿಸೀತು?

ಈಚಿನ ವರ್ಷಗಳಲ್ಲಿ ಗೆರೆ ಗಟ್ಟಿಯಾಗಿದೆ. 2002ರ ಅಕ್ಟೋಬರಿನಲ್ಲಿ, ಮೇನ್ ರಾಜ್ಯದ ಉತ್ತರದ ತುದಿಯಲ್ಲಿ, ಕೆಲವೇ ಮೀಟರ್ ಆಚೆಗಿದ್ದ ಬಂಕಿಗೆ ಪೆಟ್ರೋಲು ಹಾಕಿಸಲು ವಾಡಿಕೆಯಂತೆ ಬಂದ ಕೆನಡಾದವನೊಬ್ಬ, ಸುಂಕದ ಕಟ್ಟೆಗೆ ವರದಿ ಮಾಡಲಿಲ್ಲವೆಂದು ಬಂಧನಕ್ಕೊಳಗಾಗಿ ತಿಂಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದ. ಬೇಟೆಯ ಬಂದೂಕು ಜೊತೆಗಿದ್ದದ್ದು ಅವನ ಕಷ್ಟವನ್ನು ಹೆಚ್ಚಿಸಿತು. 2009ರಿಂದ ನದಿ ದಾಟಲು ಪಾಸ್‌ಪೋರ್ಟ್ ಅಥವಾ ಅಂಥ ದಾಖಲೆ ಬೇಕಾಯಿತು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಗಡಿ ಮುಚ್ಚಿದಾಗ, ಎದುರು ದಡದಲ್ಲಿ ಕಾಣುವ ಅಕ್ಕನ ಮನೆಗೆ ಹೋಗಲು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

2024ರ ಏಪ್ರಿಲ್ 8ರ ಮಧ್ಯಾಹ್ನ ಸಂಪೂರ್ಣ ಸೂರ್ಯಗ್ರಹಣದ ನೆರಳು ಅಮೆರಿಕವನ್ನು ಬಿಟ್ಟು ಹೊರಟದ್ದು ಹೋಲ್ಟನ್ ಮೇಲಿಂದಲೇ. ಆರು ಸಾವಿರ ಜನರ ಆ ಊರಿಗೆ ಎಲ್ಲೆಲ್ಲಿಂದಲೋ ಜನ ಬಂದು ನೆರೆದರು. ಆಕಾಶ ತಿಳಿಯಾಗಿತ್ತು. ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಹಗಲು ಕಪ್ಪಾಯಿತು. ಆಮೇಲೆ ನೆರಳು ಯಾವ ದಾಖಲೆಯನ್ನೂ ತೋರಿಸದೆ ಕೆನಡಾಕ್ಕೆ ದಾಟಿಹೋಯಿತು.

ಅದೇ ಜೂನ್ ತಿಂಗಳಲ್ಲಿ ಮಡವಾಸ್ಕ ಮತ್ತು ಎಡ್ಮಂಡ್‌ಸ್ಟನ್ ನಡುವೆ ಹೊಸ ಸೇತುವೆ ತೆರೆಯಿತು. 1921ರ ಹಳೆಯ ಸೇತುವೆ ಎಷ್ಟು ಸೊರಗಿತ್ತೆಂದರೆ ಕೊನೆಯ ವರ್ಷಗಳಲ್ಲಿ ಐದು ಟನ್ನಿಗಿಂತ ಭಾರದ ವಾಹನವನ್ನು ಬಿಡುತ್ತಿರಲಿಲ್ಲ. ಈಗ ಲಾರಿಗಳೂ ಓಡಾಡುತ್ತವೆ. ಎರಡೂ ತುದಿಯಲ್ಲಿ ಕಾವಲಿದೆ, ತಪಾಸಣೆಯಿದೆ. ತಪಾಸಣೆಗೆ ಕೊಡುವ ಚೀಟಿಯಲ್ಲಿರುವ ಮನೆತನದ ಹೆಸರುಗಳು ಮಾತ್ರ ಈಚೆ ದಡದಲ್ಲೂ ಆಚೆ ದಡದಲ್ಲೂ ಅವೇ: ಸೀರ್, ಡೇಗಲ್, ಟಿಬೊಡೊ, ಮಿಷೊ. ಕಣಿವೆಯ ಹಳೆಯ ಮನೆಗಳಲ್ಲಿ ಇನ್ನೂ ಫ್ರೆಂಚ್ ಮಾತು ಕೇಳುತ್ತದೆ. ಬಹುಮಟ್ಟಿಗೆ ಅಜ್ಜಿಯರ ಬಾಯಲ್ಲಿ.