ಬೈಂದೂರಿನ ಬೈಲಿನಲ್ಲಿ ಕೋಣದ ಹೆಜ್ಜೆ

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟ ಬಸ್ಸು ತ್ರಾಸಿಯನ್ನು ದಾಟಿ ಮರವಂತೆಗೆ ಬಂದೊಡನೆ ಒಳಗಿದ್ದವರ ಮುಖಗಳೆಲ್ಲ ಎಡಕ್ಕೆ ತಿರುಗುತ್ತವೆ. ಎಡಗಡೆ ಅರಬ್ಬಿ ಸಮುದ್ರ, ಬಲಗಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಈ ನೋಟವನ್ನು ವರ್ಣಿಸಿದ ಲೇಖನಗಳು ಬೇಕಾದಷ್ಟಿವೆ. ಆದರೆ ನಾವುಂದ, ಕಿರಿಮಂಜೇಶ್ವರ, ಕಂಬದಕೋಣೆ, ಉಪ್ಪುಂದ ಎಂದು ಮುಂದೆ ಸಾಗುವಾಗ ಬಲಗಡೆಯ ಕಿಟಕಿಯಿಂದ ಹೊರಗೆ ನೋಡುವವರು ಕಡಿಮೆ. ದೂರದಲ್ಲಿ ಪಶ್ಚಿಮ ಘಟ್ಟದ ನೀಲಿ ಸಾಲು, ಇತ್ತ ಮುರಕಲ್ಲಿನ ದಿಣ್ಣೆಗಳು, ಗೇರು, ತೆಂಗು. ದಿಣ್ಣೆಗಳ ನಡುವಿನ ತಗ್ಗುಗಳಲ್ಲಿ ಗದ್ದೆಗಳು.

ಕರಾವಳಿಯ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ಗುರುತಿಸುತ್ತಾರೆ. ಬೆಟ್ಟು ಎತ್ತರದ ನೆಲ, ಮಳೆಯನ್ನೇ ನಂಬಿಕೊಂಡದ್ದು. ಮಜಲು ನಡುವಿನದು. ಬೈಲು ಎಂದರೆ ನೀರು ಹರಿದು ಬಂದು ನಿಲ್ಲುವ ತಗ್ಗು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿ.ಮೀ. ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆಗ ಬೈಲಿಗೆ ಇಳಿದವನ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಇಂಥ ಕೆಸರಿನಲ್ಲಿ ನೇಗಿಲು ಎಳೆಯಲು ಈ ಊರಿನ ಹಿರಿಯರು ನಂಬಿದ್ದು ಕೋಣವನ್ನು. ಇಲ್ಲಿಯ ಆಡುಮಾತಿನಲ್ಲಿ ಅದು ‘ಕ್ವಾಣ’.

2018ರಲ್ಲಿ ಕುಂದಾಪುರ ತಾಲ್ಲೂಕಿನಿಂದ ಬೇರೆಯಾಗಿ ತಾನೇ ತಾಲ್ಲೂಕಾದ ಬೈಂದೂರಿಗೆ ಬರುವ ಪ್ರವಾಸಿಗರು ಸೇನೇಶ್ವರ ದೇವಸ್ಥಾನವನ್ನು ನೋಡುತ್ತಾರೆ, ಒತ್ತಿನೆಣೆಯ ಗುಡ್ಡ ಹತ್ತಿ ಕಡಲನ್ನು ನೋಡುತ್ತಾರೆ, ಕೊಲ್ಲೂರಿನ ದಾರಿ ಹಿಡಿಯುತ್ತಾರೆ. ಊರಿನ ಒಳಗನ್ನು ಕಾಣಬೇಕೆನ್ನುವವರು ಕಾರ್ತಿ ಬೆಳೆಯ ಕೊಯ್ಲು ಮುಗಿದ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ, ಹೆದ್ದಾರಿಯಿಂದ ಪೂರ್ವಕ್ಕೆ ತಿರುಗಿ ತಗ್ಗರ್ಸೆಯಂಥ ಹಳ್ಳಿಗೆ ಹೋಗಬೇಕು. ಅಲ್ಲಿಯ ಕಂಬಳ ಈ ಸೀಮೆಯಲ್ಲಿ ಹೆಸರುವಾಸಿ.

ಕಂಬಳದ ದಿನ ಬೈಲಿಗೆ ಹಬ್ಬದ ಕಳೆ. ಗದ್ದೆಗೆ ನೀರು ಕಟ್ಟಿ, ಉತ್ತು, ಹದಮಾಡಿ ಕೆಸರನ್ನು ಮಜ್ಜಿಗೆಯಂತೆ ಮಾಡಿರುತ್ತಾರೆ. ಬದುವಿನ ಮೇಲೆ ಕಡಲೆ, ಬೆಂಡು ಬತ್ತಾಸು, ಆಟಿಕೆಗಳ ಅಂಗಡಿ. ಡೋಲು, ವಾದ್ಯಗಳ ಸದ್ದು ದೂರದಿಂದ ಕೇಳುತ್ತಿದ್ದಂತೆ “ಹ್ವಾಯ್, ಕ್ವಾಣ ಬಂತ್ ಕಾಣಿ!” ಎಂಬ ಕೂಗು. ಎಣ್ಣೆ ಹಚ್ಚಿದ ಕಪ್ಪು ಮೈ, ಹಿಂದಕ್ಕೆ ಬಾಗಿದ ಕೊಂಬು, ಹಣೆಗೆ ಅಲಂಕಾರ. ಬೆಂಗಳೂರಿನಿಂದ ಅಜ್ಜಿಮನೆಗೆ ಬಂದ ಮಕ್ಕಳು ಅಪ್ಪನ ಕೈ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಹುರುಳಿ ತಿಂದು ಬೆಳೆದ ಕೋಣ ಐದು ಕ್ವಿಂಟಾಲ್ ತೂಗಿದರೆ ಆಶ್ಚರ್ಯವಿಲ್ಲ. ಅಷ್ಟು ದೊಡ್ಡ ಸಾಕುಪ್ರಾಣಿಯನ್ನು ಈ ಮಕ್ಕಳು ಅಲ್ಲಿಯವರೆಗೆ ನೋಡಿದ್ದರೆ ಅದು ತೆರೆಯ ಮೇಲೆ.

ತೆರೆಯ ಮೇಲಿನ ದೈತ್ಯ ಪ್ರಾಣಿಗಳು ಸಾಮಾನ್ಯವಾಗಿ ಮರಳುಗಾಡಿನವು. 1977ರಲ್ಲಿ ಬಿಡುಗಡೆಯಾದ ‘ಸ್ಟಾರ್ ವಾರ್ಸ್’ ಚಿತ್ರದ ಮರಳುಲೋಕದಲ್ಲಿ ‘ಬಾಂಥಾ’ ಎಂಬ, ಮೈತುಂಬ ಜೋಲು ಕೂದಲಿನ, ಸುರುಳಿ ಕೊಂಬಿನ ಭಾರೀ ಸಾಕುಪ್ರಾಣಿ ಬರುತ್ತದೆ. ಅದರ ವೇಷದೊಳಗೆ ಇದ್ದದ್ದು ಮಾರ್ಜಿ ಎಂಬ ಏಷ್ಯಾದ ಹೆಣ್ಣಾನೆ. ಚಿತ್ರೀಕರಣ ನಡೆದದ್ದು ಅಮೆರಿಕದ ಡೆತ್ ವ್ಯಾಲಿಯ ಬಿಸಿಲಿನಲ್ಲಿ. ಸೆಕೆ ತಾಳಲಾರದೆ ಆನೆ ಆ ವೇಷವನ್ನು ಮತ್ತೆ ಮತ್ತೆ ಕಿತ್ತುಹಾಕುತ್ತಿತ್ತಂತೆ. ನಿರ್ದೇಶಕರಿಗಿಂತ ಆನೆಗೆ ಜೀವಶಾಸ್ತ್ರ ಚೆನ್ನಾಗಿ ತಿಳಿದಿತ್ತು ಎನ್ನಬೇಕು.

ದೊಡ್ಡ ಮೈಗೆ ಇರುವ ತೊಡಕನ್ನು 1638ರಷ್ಟು ಹಿಂದೆಯೇ ಗೆಲಿಲಿಯೊ ಲೆಕ್ಕಹಾಕಿ ತೋರಿಸಿದ್ದ. ಒಂದು ಕೋಣವನ್ನು ಉದ್ದ, ಅಗಲ, ಎತ್ತರಗಳಲ್ಲಿ ಎರಡು ಪಟ್ಟು ಮಾಡಿದರೆ ಅದರ ತೂಕ ಎಂಟು ಪಟ್ಟಾಗುತ್ತದೆ. ಕಾಲಿನ ಮೂಳೆಯ ಅಡ್ಡಸೀಳಿಕೆಯ ವಿಸ್ತಾರ ಮಾತ್ರ ನಾಲ್ಕೇ ಪಟ್ಟು. ಚರ್ಮದ ವಿಸ್ತಾರವೂ ನಾಲ್ಕೇ ಪಟ್ಟು. ಅಂದರೆ ಮೈಯೊಳಗೆ ಹುಟ್ಟಿದ ಶಾಖ ಹೊರಗೆ ಹೋಗಲು ದಾರಿ ಕಿರಿದಾಗುತ್ತದೆ. ಇದರಲ್ಲಿ ಒಂದು ಲಾಭವೂ ಇದೆ: ದೊಡ್ಡ ಮೈ ಹೊರಗಿನ ಬಿಸಿಲಿಗೆ ಬೇಗ ಕಾಯುವುದೂ ಇಲ್ಲ. ದೊಡ್ಡ ಹಂಡೆಯ ನೀರು ಬಿಸಿಯಾಗಲು ಎಷ್ಟು ಹೊತ್ತು ಬೇಕೆಂದು ಕರಾವಳಿಯ ಬಚ್ಚಲಿನಲ್ಲಿ ಬೆಂಕಿ ಒಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ.

ಈ ಹಂಡೆಯ ಉಪಾಯದಿಂದಲೇ ಬದುಕುವ ನಿಜವಾದ ಮರಳುಗಾಡಿನ ಸಾಕುಪ್ರಾಣಿ ಒಂಟೆ. ಅದರ ಡುಬ್ಬದಲ್ಲಿ ನೀರಿದೆ ಎಂದು ಈಗಲೂ ಪರೀಕ್ಷೆಯಲ್ಲಿ ಬರೆಯುವ ಮಕ್ಕಳಿದ್ದಾರೆ. ಡುಬ್ಬದಲ್ಲಿರುವುದು ಕೊಬ್ಬು. ಒಂಟೆಯ ಗುಟ್ಟನ್ನು ಬಿಡಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ವಿಜ್ಞಾನಿ ಕ್ನೂಟ್ ಶ್ಮಿಟ್-ನೀಲ್ಸನ್. ಆತ 1953-54ರಲ್ಲಿ ಸಹಾರಾದ ಬೆನಿ ಅಬ್ಬೆಸ್ ಎಂಬಲ್ಲಿ ಒಂಟೆಗಳ ಜೊತೆ ಇದ್ದು ಅವುಗಳ ಮೈಬಿಸಿಯನ್ನು ಅಳೆದ. ನೀರು ಸಿಗದ ಒಂಟೆಯ ಮೈ ಬೆಳಗಿನ ಜಾವ 34 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇಳಿದು, ಸಂಜೆಗೆ 40 ಡಿಗ್ರಿ ದಾಟುತ್ತಿತ್ತು. ಮನುಷ್ಯನಾದರೆ ಜ್ವರವೆಂದು ಮಲಗುತ್ತಾನೆ. ಒಂಟೆ ಹಗಲಿನ ಶಾಖವನ್ನು ಮೈಯಲ್ಲೇ ಕೂಡಿಟ್ಟು ರಾತ್ರಿಯ ತಂಪಿಗೆ ಬಿಟ್ಟುಬಿಡುತ್ತದೆ. ಐನೂರು ಕಿಲೋ ತೂಕದ ಒಂಟೆ ಹೀಗೆ ಆರು ಡಿಗ್ರಿ ಕಾಯಲು ಹಿಡಿಯುವ ಶಾಖ ಸುಮಾರು 2,400 ಕಿಲೋಕ್ಯಾಲೊರಿ. ಅದೇ ಶಾಖವನ್ನು ಬೆವರಿ ಕಳೆಯಬೇಕಿದ್ದರೆ, ಲೀಟರಿಗೆ 580ರಂತೆ, ನಾಲ್ಕು ಲೀಟರಿಗೂ ಹೆಚ್ಚು ನೀರು ಬೇಕಾಗುತ್ತಿತ್ತು. ಮೈತೂಕದ ಕಾಲು ಭಾಗದಷ್ಟು ನೀರು ಕಳೆದುಕೊಂಡರೂ ಒಂಟೆ ಸಾಯುವುದಿಲ್ಲ. ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷಗಳಲ್ಲಿ 100 ಲೀಟರಿನಷ್ಟು ಹೀರಿಬಿಡುತ್ತದೆ.

ಈಗ ಬೈಲಿನ ಕೋಣವನ್ನು ನೋಡಬೇಕು. ತೂಕ ಹೆಚ್ಚುಕಡಿಮೆ ಒಂಟೆಯದೇ, ಆದರೆ ದೇಹದ ಏರ್ಪಾಡು ಬೇರೆ. ದನಗಳಿಗೆ ಹೋಲಿಸಿದರೆ ಎಮ್ಮೆ ಕೋಣಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳು ತೀರ ಕಡಿಮೆ. ಮೈಮೇಲೆ ಕೂದಲು ವಿರಳ, ಬಣ್ಣ ಕಪ್ಪು. ಬಿಸಿಲನ್ನು ಹೀರುವುದಕ್ಕೆ ಹೇಳಿ ಮಾಡಿಸಿದಂತೆ. ಹೀಗಾಗಿ ಒಂಟೆ ನೀರನ್ನು ಮೈಯೊಳಗೆ ಉಳಿಸಿಕೊಂಡು ತಣ್ಣಗಾದರೆ, ಕೋಣ ನೀರಿನೊಳಗೆ ಮೈಯನ್ನೇ ಇಳಿಸಿ ತಣ್ಣಗಾಗುತ್ತದೆ. ಕೆಸರಾದರೆ ಇನ್ನೂ ಒಳ್ಳೆಯದು. ಬರಿಯ ನೀರು ಬೇಗ ಆರುತ್ತದೆ, ಕೆಸರಿನ ಲೇಪ ನಿಧಾನವಾಗಿ ಆರುತ್ತ ಬಹಳ ಹೊತ್ತು ತಂಪು ಕೊಡುತ್ತದೆ, ನೊಣ ಉಣ್ಣಿಗಳನ್ನೂ ದೂರವಿಡುತ್ತದೆ. ‘ಎಮ್ಮೆ ಹಾಗೆ ಕೆಸರಲ್ಲಿ ಬಿದ್ದುಕೊಳ್ಳಬೇಡ’ ಎಂದು ಮಕ್ಕಳನ್ನು ಬೈಯುವುದುಂಟು. ಪಾಪ, ಎಮ್ಮೆಗೆ ಅದು ಸೋಮಾರಿತನವಲ್ಲ, ಬದುಕು.

ಕಾಲಿನ ವಿಷಯವೂ ಸ್ವಾರಸ್ಯಕರ. ಒಂಟೆ, ಕೋಣ ಎರಡೂ ಎರಡು ಬೆರಳುಗಳ ಮೇಲೆ ನಡೆಯುವ ಪ್ರಾಣಿಗಳೇ. ಒಂಟೆಯ ಬೆರಳುಗಳ ಅಡಿಗೆ ಅಗಲವಾದ ಮೆತ್ತೆಯಿದೆ. ಅದು ಮರಳಿನ ಮೇಲೆ ಹರಡಿಕೊಂಡು ಹುಗಿಯದಂತೆ ಕಾಯುತ್ತದೆ. ಅದೇ ಒಂಟೆಯನ್ನು ಬೈಂದೂರಿನ ಬೈಲಿಗೆ ಇಳಿಸಿದರೆ ಜಾರಿ ಬಿದ್ದು ಕಾಲು ಮುರಿದುಕೊಂಡೀತು. ಕೋಣದ ಗೊರಸು ದೊಡ್ಡದು, ಸೀಳು ಅಗಲ, ಗೊರಸಿನ ಮೇಲಿನ ಗಂಟುಗಳು ಸಡಿಲ. ಊರಿದಾಗ ಗೊರಸಿನ ಎರಡು ಹೋಳುಗಳು ಅಗಲುತ್ತವೆ, ಕೀಳುವಾಗ ಕೂಡಿಕೊಳ್ಳುತ್ತವೆ. ಆ ಸಂದಿನಿಂದ ಗಾಳಿ ನುಗ್ಗುವುದರಿಂದ ಕೆಸರಿನ ಹಿಡಿತ ಸಡಿಲುತ್ತದೆ. ನಾಟಿ ಗದ್ದೆಯಲ್ಲಿ ಚಪ್ಪಲಿ ಕಳೆದುಕೊಂಡವರಿಗೆ ಈ ಹಿಡಿತದ ಬಲ ಎಷ್ಟೆಂದು ಗೊತ್ತು.

ಈ ಮೈಕಟ್ಟಿನ ಪ್ರಾಣಿ ಓಡಿದಾಗ ಏನಾಗುತ್ತದೆ ಎಂಬುದನ್ನು ಕಂಬಳ ತೋರಿಸುತ್ತದೆ. ಹಗ್ಗದ ಓಟದಲ್ಲಿ ನೊಗಕ್ಕೆ ಕಟ್ಟಿದ ಹಗ್ಗ ಹಿಡಿದು ಓಡಿಸುವವನು ಹಿಂದೆ ಓಡುತ್ತಾನೆ; ಹಲಗೆಯಲ್ಲಿ ಅವನು ಮರದ ಹಲಗೆಯ ಮೇಲೆ ನಿಲ್ಲುತ್ತಾನೆ. ಕನೆಹಲಗೆಯಲ್ಲಿ ಹಲಗೆಗೆ ತೂತುಗಳಿದ್ದು, ಅವುಗಳ ಮೂಲಕ ಒತ್ತಡದಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಗೌಡರ ಕಾಲಿನ ಬಲ ದೊಡ್ಡದೇ. ಆದರೆ ಗಂಟೆಗೆ 37 ಕಿಲೋಮೀಟರಿಗೂ ಮಿಕ್ಕಿದ ಆ ವೇಗದಲ್ಲಿ ಎಳೆದ ಎರಡು ಜೀವಗಳ ಪಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕುಂದಾಪುರ ಸೀಮೆಯ ಹಳೆಯ ಕಂಬಳಗಳಲ್ಲಿ ಸ್ಪರ್ಧೆಗಿಂತ ಹರಕೆ ಹೆಚ್ಚು. ಮನೆಯ ಜಾನುವಾರುಗಳಿಗೆ ರೋಗ ಬಾರದಿರಲೆಂದು ಹೇಳಿಕೊಂಡವರು ತಮ್ಮ ಕೋಣಗಳನ್ನು ಗದ್ದೆಗೆ ಇಳಿಸಿ ಕರೆದೊಯ್ಯುತ್ತಾರೆ. ಈ ಸಂಪ್ರದಾಯದಲ್ಲಿ ತಲೆ ತಗ್ಗಿಸಬೇಕಾದ ಪುಟವೂ ಇದೆ. ಒಂದು ಕಾಲದಲ್ಲಿ ಕೋಣಗಳನ್ನು ಇಳಿಸುವ ಮೊದಲು ಕೊರಗ ಸಮುದಾಯದವರನ್ನು ಕಂಬಳಗದ್ದೆಯಲ್ಲಿ ಓಡಿಸುತ್ತಿದ್ದರು. ಕೆಸರಿನಲ್ಲಿ ಮುಳ್ಳೋ ಗಾಜೋ ಇದ್ದರೆ ಅವರ ಕಾಲಿಗೆ ಚುಚ್ಚಲಿ ಎಂದು. ಪ್ರಾಣಿಗಿಂತ ಮನುಷ್ಯನನ್ನು ಕೀಳಾಗಿ ಕಂಡ ಈ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ 2000ದ ಕಾನೂನಿನಿಂದ ನಿಷೇಧಿಸಿತು. ಕಂಬಳದ ವೈಭವವನ್ನು ಮಕ್ಕಳಿಗೆ ಹೇಳುವವರು ಇದನ್ನೂ ಹೇಳಬೇಕು.

ಕೋಣದ ನೋವಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಜಲ್ಲಿಕಟ್ಟಿನ ಬಗ್ಗೆ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ತೀರ್ಪಿನ ನಂತರ, 2016ರಲ್ಲಿ ಕರ್ನಾಟಕ ಹೈಕೋರ್ಟ್ ಕಂಬಳಕ್ಕೂ ತಡೆ ನೀಡಿತು. ರಾಜ್ಯ ಸರಕಾರ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕಾಗದದ ಮೇಲೆ ವಿವಾದ ಮುಗಿದಿದೆ. ಗದ್ದೆಯಲ್ಲಿ ಮಾತ್ರ ಪ್ರತಿ ಸಲವೂ ನೋಡಿ ತಿಳಿಯಬೇಕಾದ ವಿಷಯ ಅದು. ಓಟ ಮುಗಿಸಿ ನಿಂತ ಕೋಣದ ಪಕ್ಕೆಗಳು ಎಷ್ಟು ಬೇಗ ಏರಿಳಿಯುತ್ತಿವೆ ಎಂದು ಗಡಿಯಾರ ಹಿಡಿದು ಎಣಿಸಬಹುದು. ಬೆವರಿ ತಣ್ಣಗಾಗುವ ಶಕ್ತಿ ಅಷ್ಟಾಗಿ ಇಲ್ಲದ ಆ ಮೈಗೆ ತಕ್ಷಣ ನೀರು ಸುರಿಯುವವನೇ ಒಳ್ಳೆಯ ಯಜಮಾನ. ಬೆತ್ತ ಬೀಸುವುದರಲ್ಲಿ ಯಾವ ಜಾಣ್ಮೆಯೂ ಇಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ, ಕೋಣ ಉಳಿದೀತೇ ಎಂಬುದು. ಬೈಲಿನ ಉಳುಮೆ ಈಗ ಟಿಲ್ಲರಿನದು, ಕೊಯ್ಲು ಯಂತ್ರದ್ದು. ಟಿಲ್ಲರಿಗೆ ಮಳೆಗಾಲ ಕಳೆದ ಮೇಲೆ ಹುಲ್ಲು, ಹುರುಳಿ ಹಾಕಬೇಕಾಗಿಲ್ಲ. ಒಂದು ಜೊತೆ ಕೋಣಗಳಿಗೆ ವರ್ಷವಿಡೀ ಹಟ್ಟಿ, ಹಿಂಡಿ, ಎಣ್ಣೆ, ನೋಡಿಕೊಳ್ಳಲು ಆಳು ಬೇಕು. ಅಷ್ಟನ್ನೂ ಕಂಬಳದ ಒಂದೆರಡು ದಿನಗಳಿಗಾಗಿ ಮಾಡುವ ಮನೆಗಳಿಂದಾಗಿಯೇ ಈ ಊರುಗಳಲ್ಲಿ ಇಂದಿಗೂ ಕೋಣ ಕಾಣಸಿಗುತ್ತದೆ. ಕೆಲಸ ಹೋದ ಪ್ರಾಣಿಯ ಗತಿ ಏನೆಂಬುದಕ್ಕೆ ಮತ್ತೆ ಒಂಟೆಯೇ ಸಾಕ್ಷಿ. ರಾಜಸ್ಥಾನ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿ ಎಂದು ಸಾರಿತು. ಬಿಕಾನೇರಿನಲ್ಲಿ 1984ರಿಂದ ಒಂಟೆಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಆದರೂ 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 4 ಲಕ್ಷದಷ್ಟಿದ್ದ ಒಂಟೆಗಳು 2019ರ ಗಣತಿಗೆ ಎರಡೂವರೆ ಲಕ್ಷಕ್ಕೆ ಇಳಿದವು. ಮರಳಿನ ಮೇಲೆ ರಸ್ತೆ ಬಂತು, ರಸ್ತೆಯ ಮೇಲೆ ಜೀಪು ಬಂತು. ಎಮ್ಮೆಗೆ ಹಾಲಿದೆ, ಅದೇ ಗಣತಿಯಲ್ಲಿ ಎಮ್ಮೆ ಕೋಣಗಳ ಒಟ್ಟು ಸಂಖ್ಯೆ 11 ಕೋಟಿಯ ಹತ್ತಿರವಿತ್ತು. ಆದರೆ ಹಾಲು ಕೊಡದ ಕೋಣವನ್ನು, ಅದರಲ್ಲೂ ಕೆಸರಿನಲ್ಲಿ ದುಡಿಯುವುದನ್ನು ಕಲಿತ ಕೋಣವನ್ನು, ಆ ಲೆಕ್ಕದಲ್ಲಿ ಹುಡುಕುವುದು ಕಷ್ಟ.

ಕಂಬಳದ ಸಂಜೆ ಡೋಲಿನ ಸದ್ದು ನಿಲ್ಲುತ್ತದೆ. ಅಂಗಡಿಗಳು ಮಡಚಿಕೊಳ್ಳುತ್ತವೆ. ಕೋಣಗಳು ಬಂದ ದಾರಿಯಲ್ಲೇ ಮನೆಗೆ ನಡೆಯುತ್ತವೆ. ಹಟ್ಟಿಯ ಮುಂದೆ ಅವುಗಳ ಮೈಗೆ ಕೊಡಗಟ್ಟಲೆ ನೀರು ಸುರಿದು, ಕಾಲಿನ ಕೆಸರು ತೊಳೆದು, ಬೇಯಿಸಿದ ಹುರುಳಿ ಇಡುತ್ತಾರೆ. ಮರುದಿನ ಬೆಳಿಗ್ಗೆ ಗದ್ದೆಯ ತುಂಬ ಗೊರಸಿನ ಗುಳಿಗಳು, ಪ್ರತಿ ಗುಳಿಯಲ್ಲೂ ತಿಳಿಯಾಗಿ ನಿಂತ ನೀರು. ಬೆಳ್ಳಕ್ಕಿಗಳು ಗುಳಿಯಿಂದ ಗುಳಿಗೆ ಹಾರುತ್ತ ಹುಳ ಹೆಕ್ಕುತ್ತಿರುವಾಗ, ಸುಗ್ಗಿ ಬೆಳೆಗೆ ನೆಲ ಸಮಮಾಡಲು ಬದುವಿನ ಆಚೆಯಿಂದ ಟಿಲ್ಲರ್ ಬರುತ್ತಿರುವ ಸದ್ದು ಕೇಳಿಸುತ್ತದೆ.